ಹಲ್ಲಿನೊಳಗಿನ ಬಿಳಿ ಸಿಮೆಂಟು



ಕೊಳ್ಳೇಗಾಲ, ಹನೂರು, ಯಳಂದೂರು ಸೇರಿದ ನಮ್ಮ ಸೀಮೆಯಲ್ಲಿ ಹುಳುಕು ಹಲ್ಲಿಗೆ ಏನು ಮಾಡಿಸಿದಿರಿ ಎಂದು ಹತ್ತು ಜನರನ್ನು ಕೇಳಿ ನೋಡಿ. ಕೀಳಿಸಿಬಿಟ್ಟೆ ಎನ್ನುವವರೇ ಮುಂದೆ ಬರುತ್ತಾರೆ. ಉಳಿಸಿಕೊಂಡವರು ಸಿಮೆಂಟ್ ಹಾಕಿಸಿದೆ ಎನ್ನುತ್ತಾರೆ. ಬೆಳ್ಳಿ ಬಣ್ಣದ್ದಾಗಲಿ, ಹಲ್ಲಿನ ಬಣ್ಣದ್ದಾಗಲಿ, ಎಲ್ಲವೂ ಜನರ ಬಾಯಲ್ಲಿ ಸಿಮೆಂಟೇ. ಎಷ್ಟು ದುಡ್ಡಾಯಿತು, ಎಷ್ಟು ವರ್ಷ ನಿಂತಿತು ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರುತ್ತದೆ. ಬಾಯೊಳಗೆ ಹಗಲೂ ರಾತ್ರಿ ಇರುವ ಆ ವಸ್ತುವಿನಲ್ಲಿ ಏನಿದೆ ಎಂದು ಕೇಳಿದವರು ನನ್ನ ಚಿಕಿತ್ಸಾಲಯದ ಕುರ್ಚಿಯಲ್ಲಿ ಬಹಳ ಕಡಿಮೆ. ಇವತ್ತು ನಾನು ಹೇಳಹೊರಟಿರುವುದು ಅದನ್ನೇ. ಹಲ್ಲಿನ ಬಣ್ಣದ ಆ ತುಂಬುವ ವಸ್ತುವಿಗೆ ದಂತವೈದ್ಯರು ಕಾಂಪೊಸಿಟ್ ಎನ್ನುತ್ತೇವೆ. ಅದರೊಳಗೆ ಏನೇನು ಸೇರಿದೆ, ಯಾಕೆ ಸೇರಿದೆ ಎಂಬುದು ತಿಳಿದರೆ ಒಬ್ಬರ ಹಲ್ಲಿನಲ್ಲಿ ಅದು ಹತ್ತು ವರ್ಷ ನಿಂತು ಇನ್ನೊಬ್ಬರ ಹಲ್ಲಿನಲ್ಲಿ ಹತ್ತೇ ದಿನಕ್ಕೆ ಉದುರುವುದು ಯಾಕೆ ಎಂಬುದೂ ತಿಳಿಯುತ್ತದೆ.

ಮೊದಲು ಹಲ್ಲಿನ ಮಾತು ಎರಡು ನಿಮಿಷ. ಹಲ್ಲಿನ ಹೊರಪದರ ಎನಾಮಲ್. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜವೇ ಆಗಿರುವ ಇದಕ್ಕಿಂತ ಗಟ್ಟಿಯಾದದ್ದು ನಮ್ಮ ದೇಹದಲ್ಲಿ ಬೇರೆ ಇಲ್ಲ. ಅದರ ಕೆಳಗಿನದು ಡೆಂಟಿನ್. ಅದರಲ್ಲಿ ಖನಿಜ ಸುಮಾರು 70 ಪಾಲು, ಉಳಿದದ್ದು ನಾರು ಮತ್ತು ನೀರು. ಅದಕ್ಕೂ ಒಳಗೆ ನರ ಮತ್ತು ರಕ್ತನಾಳ. ಹುಳ ಹಲ್ಲನ್ನು ತಿನ್ನುತ್ತದೆ ಎಂದು ಬೀಜದ ಹೊಗೆ ಹಾಕಿಸುವವರು ಇನ್ನೂ ಇದ್ದಾರೆ. ಅಲ್ಲಿ ಹುಳ ಇಲ್ಲ. ಬೆಲ್ಲ, ಸಕ್ಕರೆ, ಬಿಸ್ಕತ್ತಿನ ಅಂಶ ಹಲ್ಲಿಗೆ ಅಂಟಿಕೊಂಡಿದ್ದರೆ ಬಾಯಿಯ ಬ್ಯಾಕ್ಟೀರಿಯಾ ಅದನ್ನು ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಖನಿಜವನ್ನು ಕರಗಿಸುತ್ತದೆ. ಚರ್ಮ ಗೀರಿದರೆ ಮತ್ತೆ ಕೂಡಿಕೊಳ್ಳುತ್ತದೆ, ಮೂಳೆ ಮುರಿದರೆ ಬೆಸೆದುಕೊಳ್ಳುತ್ತದೆ. ಎನಾಮಲ್‌ನಲ್ಲಿ ಜೀವಕೋಶ ಇಲ್ಲದ್ದರಿಂದ ಒಮ್ಮೆ ಗುಳಿ ಬಿದ್ದರೆ ಅದು ತಾನಾಗಿ ಮುಚ್ಚುವುದಿಲ್ಲ. ಹೊರಗಿನಿಂದ ಏನನ್ನಾದರೂ ತುಂಬಲೇಬೇಕು.

ಏನನ್ನು ತುಂಬುವುದು ಎಂಬ ಹುಡುಕಾಟ ದೊಡ್ಡದು. ಹಲ್ಲಿನ ಬಣ್ಣದ್ದೇ ಬೇಕು ಎಂದು 19ನೇ ಶತಮಾನದ ಕೊನೆಯಲ್ಲಿ ಸಿಲಿಕೇಟ್ ಸಿಮೆಂಟ್ ಬಂತು. ನೋಡಲು ಚೆನ್ನಾಗಿತ್ತು, ಆದರೆ ಎಂಜಲಿನಲ್ಲಿ ವರ್ಷ ವರ್ಷಕ್ಕೂ ಕರಗುತ್ತಿತ್ತು. 1940ರ ದಶಕದಲ್ಲಿ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಹಲ್ಲಿನೊಳಗೇ ಗಟ್ಟಿಮಾಡಿ ನೋಡಿದರು. ಅದು ಗಟ್ಟಿಯಾಗುವಾಗ ಎಷ್ಟು ಕುಗ್ಗುತ್ತಿತ್ತೆಂದರೆ ಹಲ್ಲಿಗೂ ಅದಕ್ಕೂ ನಡುವೆ ಸಂದು ಬಿಟ್ಟು, ಆ ಸಂದಿನಲ್ಲೇ ಮತ್ತೆ ಹುಳುಕು ಶುರುವಾಗುತ್ತಿತ್ತು.

ಈ ಗಂಟನ್ನು ಬಿಡಿಸಿದವರು ರಾಫೆಲ್ ಬೋವೆನ್. ಅವರೂ ದಂತವೈದ್ಯರು. ಅಮೆರಿಕದ ಸರ್ಕಾರಿ ಪ್ರಯೋಗಾಲಯವಾದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ 1950ರ ದಶಕದಲ್ಲಿ ಈ ಕೆಲಸ ಹಿಡಿದರು. ಎಪಾಕ್ಸಿ ಅಂಟು ಕಡಿಮೆ ಕುಗ್ಗುತ್ತದೆ, ಆದರೆ ಗಟ್ಟಿಯಾಗಲು ಬಹಳ ಹೊತ್ತು ಬೇಕು. ಅಕ್ರಿಲಿಕ್ ಬೇಗ ಗಟ್ಟಿಯಾಗುತ್ತದೆ, ಆದರೆ ಬಹಳ ಕುಗ್ಗುತ್ತದೆ. ಬೋವೆನ್ ಎರಡರ ಗುಣವನ್ನೂ ಒಂದೇ ಅಣುವಿನಲ್ಲಿ ಕೂಡಿಸಿದರು. ನಡುವಿನ ದಪ್ಪ ಒಡಲು ಎಪಾಕ್ಸಿಯದು, ಎರಡು ತುದಿಗಳು ಅಕ್ರಿಲಿಕ್ ಜಾತಿಯವು. 1962ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ಅಣುವಿನ ಹೆಸರು ಬಿಸ್-ಜಿಎಂಎ. ಇವತ್ತು ಕೊಳ್ಳೇಗಾಲದಲ್ಲಾಗಲಿ ಲಂಡನ್ನಿನಲ್ಲಾಗಲಿ ಹಲ್ಲಿಗೆ ಹಾಕುವ ಬಹುಪಾಲು ಕಾಂಪೊಸಿಟ್‌ಗಳ ಒಳಗೆ ಅದು, ಇಲ್ಲವೇ ಅದರ ದಾಯಾದಿಯೊಂದು ಇದ್ದೇ ಇರುತ್ತದೆ.

ಈಗ ನನ್ನ ಮೇಜಿನ ಮೇಲಿನ ಸಿರಿಂಜನ್ನು ಕಣ್ಣಮುಂದೆ ತಂದುಕೊಳ್ಳಿ. ಕಿರುಬೆರಳಿಗಿಂತ ಸ್ವಲ್ಪ ಉದ್ದ, ಬೆಳಕು ಒಳಗೆ ತೂರದಂಥ ಕಪ್ಪು ಪ್ಲಾಸ್ಟಿಕ್. ಮೇಲೆ ಎ2 ಎಂದೋ ಎ3 ಎಂದೋ ಬಣ್ಣದ ಗುರುತು, ಪಕ್ಕದಲ್ಲಿ ಕೆಡುವ ದಿನಾಂಕ. ತಿರುಗಣಿ ತಿರುವಿದರೆ ಮೆತ್ತನೆಯ, ದಂತದ ಬಣ್ಣದ ಕಣಕ ತುದಿಯಿಂದ ಇಣುಕುತ್ತದೆ. ಒಳಗಿರುವುದು ಹೆಚ್ಚೆಂದರೆ 4 ಗ್ರಾಂ. ಅದರಲ್ಲಿ 3 ಗ್ರಾಂ, ಕೆಲವದರಲ್ಲಿ ಅದಕ್ಕೂ ಸ್ವಲ್ಪ ಹೆಚ್ಚು, ಬರೀ ಗಾಜಿನ ಮತ್ತು ಸಿಲಿಕಾದ ಪುಡಿ. ಪ್ಲಾಸ್ಟಿಕ್ ಹಾಕಿದ್ದಾರೆ ಎಂದು ದೂರುವವರಿಗೆ ನಾನು ಇದನ್ನು ಹೇಳುತ್ತೇನೆ. ತೂಕದ ಲೆಕ್ಕದಲ್ಲಿ ನಿಮ್ಮ ಹಲ್ಲಿನಲ್ಲಿ ಕೂತಿರುವುದು ಮುಕ್ಕಾಲು ಪಾಲು ಕಲ್ಲು.

ಜನ ಸಿಮೆಂಟ್ ಎನ್ನುತ್ತಾರಲ್ಲ, ತಾರಸಿಯನ್ನೇ ನೆನೆಯೋಣ. ಬರೀ ಸಿಮೆಂಟು ನೀರು ಕಲಸಿ ತಾರಸಿ ಹಾಕಿದರೆ ಒಣಗುವಾಗಲೇ ಸೀಳುತ್ತದೆ. ಜಲ್ಲಿ ಬೇಕು, ಜಲ್ಲಿಯ ಸಂದಿಗೆ ಮರಳು ಬೇಕು, ಇವೆರಡನ್ನೂ ಹಿಡಿದುಕೊಳ್ಳಲು ಸಿಮೆಂಟು ಬೇಕು. ಭಾರ ಹೊರುವುದು ಹೆಚ್ಚಾಗಿ ಕಲ್ಲು, ಹಿಡಿದಿಡುವುದು ಸಿಮೆಂಟು. ಕಾಂಪೊಸಿಟ್‌ನಲ್ಲಿಯೂ ಹೀಗೆಯೇ. ಬಿಸ್-ಜಿಎಂಎ ಹಿಡಿದಿಡುವ ರಾಳ, ಗಾಜು-ಸಿಲಿಕಾ ಭಾರ ಹೊರುವ ಕಲ್ಲು. ರಾಳ ಕಡಿಮೆಯಾದಷ್ಟೂ ಕುಗ್ಗುವುದು ಕಡಿಮೆ, ಸವೆಯುವುದು ಕಡಿಮೆ.

ಮೊದಮೊದಲು ಹಾಕುತ್ತಿದ್ದ ಕಲ್ಲು ಬೆಣಚು. ಹನೂರು ಕಡೆಯ ಹೊಲದ ಬದುಗಳಲ್ಲಿ ಬಿಳಿಯಾಗಿ ಹೊಳೆಯುತ್ತ ಬಿದ್ದಿರುತ್ತದಲ್ಲ, ಕತ್ತಲೆಯಲ್ಲಿ ಮಕ್ಕಳು ಒಂದಕ್ಕೊಂದು ಉಜ್ಜಿ ಬೆಳಕು ಬರಿಸುತ್ತಾರಲ್ಲ, ಅದೇ ಜಾತಿಯ ಕಲ್ಲು. ಬೆಣಚು ಎಂದರೆ ಶುದ್ಧ ಸಿಲಿಕಾ. ಅದನ್ನು ಅರೆದು ರಾಳದಲ್ಲಿ ಕಲಸಿದರು. ಗಟ್ಟಿತನಕ್ಕೆ ಕೊರತೆ ಇರಲಿಲ್ಲ. ಆದರೆ ಆಗಿನ ಕಣಗಳು 10 ಮೈಕ್ರಾನ್‌ಗಿಂತ ದೊಡ್ಡವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ದಿನವೂ ಅಗಿಯುವಾಗ ಕಣಗಳ ಸುತ್ತಲಿನ ರಾಳ ಮೊದಲು ಸವೆದು, ಗಟ್ಟಿ ಬೆಣಚಿನ ತುಣುಕುಗಳು ಮೇಲೆದ್ದು ನಿಲ್ಲುತ್ತಿದ್ದವು. ಹಲ್ಲು ಒರಟಾಗುತ್ತಿತ್ತು, ಒರಟಿನಲ್ಲಿ ಕಾಫಿ, ಟೀ, ಎಲೆ ಅಡಿಕೆಯ ಕಲೆ ಕೂರುತ್ತಿತ್ತು. ಎದುರಿನ ಹಲ್ಲನ್ನೂ ಅದು ಉಜ್ಜಿ ಸವೆಸುತ್ತಿತ್ತು. ಇನ್ನೂ ಒಂದು ತೊಂದರೆ ಎಂದರೆ ಬೆಣಚು ಎಕ್ಸ್-ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ತುಂಬಿದ್ದು ಯಾವುದು, ಅದರಡಿಯ ಹೊಸ ಹುಳುಕು ಯಾವುದು ಎಂದು ಗುರುತಿಸುವುದು ಕಷ್ಟವಾಗುತ್ತಿತ್ತು.

ಅದಕ್ಕೆ ಬೇರಿಯಂ, ಸ್ಟ್ರಾನ್ಷಿಯಂ ಸೇರಿಸಿ ಕರಗಿಸಿದ ಗಾಜು ಬಂತು. ಇದು ಬೆಣಚಿಗಿಂತ ಮೆತು, ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಕೆಲವರು ಜಿರ್ಕೋನಿಯಾ ಬೆರೆಸಿದರು. 1970ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದವರು ಸಿಲಿಕಾವನ್ನು ಅರೆಯುವುದನ್ನೇ ಬಿಟ್ಟು, ಅದರ ಸಂಯುಕ್ತವನ್ನು ಬೆಂಕಿಯ ಜ್ವಾಲೆಯಲ್ಲಿ ಉರಿಸಿ 0.04 ಮೈಕ್ರಾನ್‌ನ ಮಸಿಯಂಥ ನುಣುಪು ಪುಡಿ ಮಾಡಿದರು. ಅದರಿಂದ ತುಂಬಿದ ಹಲ್ಲು ಕನ್ನಡಿಯ ಹಾಗೆ ಹೊಳೆಯಿತು. ಆದರೆ ಪುಡಿ ಅಷ್ಟು ನುಣುಪಾದರೆ ಸ್ವಲ್ಪ ಹಾಕುವಷ್ಟರಲ್ಲೇ ರಾಳ ಬಿಗಿದುಕೊಳ್ಳುತ್ತದೆ, ಹೆಚ್ಚು ತುಂಬಲಾಗುವುದಿಲ್ಲ. ಮುಂದಿನ ಹಲ್ಲಿಗೆ ಸೈ, ದವಡೆ ಹಲ್ಲಿನ ಭಾರಕ್ಕೆ ಸಾಲದು. ಕೊನೆಗೆ ಗೆದ್ದದ್ದು ದೊಡ್ಡ ಕಣದ ಸಂದಿಗೆ ಸಣ್ಣ ಕಣ, ಸಣ್ಣದರ ಸಂದಿಗೆ ಇನ್ನೂ ಸಣ್ಣದು ಎಂಬ ಬೆರಕೆ. ಈ ಶತಮಾನದ ಆರಂಭದಲ್ಲಿ ನ್ಯಾನೋ ಅಳತೆಯ ಕಣಗಳೂ, ಅವು ಗೊಂಚಲುಗಟ್ಟಿದ ಉಂಡೆಗಳೂ ಸೇರಿಕೊಂಡವು. ಇವತ್ತು ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ಒಂದೇ ವಸ್ತು ಹಾಕಲು ಸಾಧ್ಯವಾಗಿರುವುದು ಈ ಕಣಗಳ ಅಳತೆಯ ಲೆಕ್ಕಾಚಾರದಿಂದ.

ಕಲ್ಲೂ ರಾಳವೂ ಒಂದನ್ನೊಂದು ಸಹಜವಾಗಿ ಹಿಡಿಯುವುದಿಲ್ಲ. ಗಾಜು ನೀರನ್ನು ಇಷ್ಟಪಡುವ ವಸ್ತು, ರಾಳ ನೀರನ್ನು ದೂಡುವ ವಸ್ತು. ಎರಡನ್ನೂ ಬೆಸೆಯದೆ ಕಲಸಿದರೆ ಪುಡಿಯ ಪ್ರತಿ ಕಣವೂ ಒಂದು ಬಿರುಕಿನ ಮೂಲವಾಗುತ್ತದೆ. ಹಾಗಾಗಿ ಕಾರ್ಖಾನೆಯಲ್ಲಿಯೇ ಪ್ರತಿ ಕಣಕ್ಕೂ ಸಿಲೇನ್ ಎಂಬ ತೆಳು ಲೇಪ ಕೊಡುತ್ತಾರೆ. ಸಿಲೇನ್ ಅಣುವಿನ ಒಂದು ತುದಿ ಗಾಜಿಗೆ ರಾಸಾಯನಿಕವಾಗಿ ಕಚ್ಚಿಕೊಳ್ಳುತ್ತದೆ, ಇನ್ನೊಂದು ತುದಿ ರಾಳದ ಸರಪಳಿಗೆ ಸೇರಿಕೊಳ್ಳುತ್ತದೆ. ತೂಕದಲ್ಲಿ ಏನೇನೂ ಅಲ್ಲದ ಈ ಲೇಪವೇ ಕಾಂಪೊಸಿಟ್‌ನ ಜೀವಾಳ ಎಂಬುದು ನನ್ನ ಅಭಿಪ್ರಾಯ. ಇದನ್ನೂ ಕಂಡುಕೊಂಡವರು ಬೋವೆನ್ನರೇ. ಕಾಲ ಕಳೆದಂತೆ ಬಾಯಿಯ ನೀರು ಮೆಲ್ಲಗೆ ಒಳಗೆ ಇಳಿದು ಮೊದಲು ಬಿಡಿಸುವುದೂ ಈ ಗಂಟನ್ನೇ. ಕ್ಷಾರ ಕೂಡ ಇದಕ್ಕೆ ಶತ್ರು. ಕಾಂಪೊಸಿಟ್‌ನ ಬಾಳಿಕೆಯನ್ನು ಬೇಗ ಅಳೆಯಬೇಕಾದಾಗ ಪ್ರಯೋಗಾಲಯದಲ್ಲಿ ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದಲ್ಲಿ ಮುಳುಗಿಸಿಡುತ್ತಾರೆ. ಹೊತ್ತು ಹೊತ್ತಿಗೂ ಸುಣ್ಣ ಹಚ್ಚಿದ ಎಲೆಯನ್ನು ದವಡೆಯಲ್ಲಿಟ್ಟುಕೊಳ್ಳುವವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಹೊಗೆಸೊಪ್ಪು, ಅಡಿಕೆ ಬಾಯಿಯ ಕ್ಯಾನ್ಸರಿಗೆ ದಾರಿ ಎಂಬುದಂತೂ ಹಲ್ಲು ತುಂಬಿಸುವ ವಿಚಾರಕ್ಕಿಂತ ಎಷ್ಟೋ ದೊಡ್ಡದು.

ಇನ್ನು ಕರ್ಪೂರದ ಕಥೆ. ಮಾದಪ್ಪನ ಬೆಟ್ಟದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ನಾವು ಹಚ್ಚುವ ಕರ್ಪೂರದಿಂದಲೇ ಹುಟ್ಟಿದ ರಾಸಾಯನಿಕವೊಂದು ಈ ಸಿರಿಂಜಿನೊಳಗಿದೆ. ಕರ್ಪೂರದ ಅಣುವಿಗೆ ಇನ್ನೊಂದು ಆಮ್ಲಜನಕ ಸೇರಿಸಿದರೆ ಕ್ಯಾಂಫರ್‌ಕ್ವಿನೋನ್ ಸಿಗುತ್ತದೆ. ಅರಿಸಿನದ ಬಣ್ಣದ ಪುಡಿ ಅದು. ನೂರಕ್ಕೆ ಒಂದು ಪಾಲೂ ಇರುವುದಿಲ್ಲ, ಆದರೆ ಅದಿಲ್ಲದಿದ್ದರೆ ಕಣಕ ಕಣಕವಾಗಿಯೇ ಉಳಿಯುತ್ತದೆ. ನೀಲಿ ಬೆಳಕು, ಅದರಲ್ಲಿಯೂ 468 ನ್ಯಾನೋಮೀಟರ್ ಆಸುಪಾಸಿನದು, ಅದರ ಮೇಲೆ ಬಿದ್ದರೆ ಕ್ಯಾಂಫರ್‌ಕ್ವಿನೋನ್ ಕೆರಳಿ, ಜೊತೆಗಿಟ್ಟಿರುವ ಅಮೈನ್ ಎಂಬ ಸಹಾಯಕನ ಕೈಯಿಂದ ರಾಳದ ತುದಿಗಳನ್ನು ತೆರೆಸುತ್ತದೆ. ತೆರೆದ ತುದಿಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತ ಹೋಗಿ 20 ಸೆಕೆಂಡಿನಲ್ಲಿ ಕಣಕ ಕಲ್ಲಾಗುತ್ತದೆ. ಬೆಳಕು ತಾಗಿದ ಮೇಲೆ ಆ ಹಳದಿಯೂ ಅರ್ಧಂಬರ್ಧ ಮಾಸಿಹೋಗುತ್ತದೆ. ಕುರ್ಚಿಯ ಮೇಲಿನ ದೊಡ್ಡ ದೀಪವನ್ನು ವೈದ್ಯರು ಆಗಾಗ ಆಚೆ ತಿರುಗಿಸುವುದು ಇದೇ ಕಾರಣಕ್ಕೆ. ಆ ಬೆಳಕಿನಲ್ಲಿಯೂ ನೀಲಿ ಇದೆ, ಕೆಲಸ ಮುಗಿಯುವ ಮೊದಲೇ ಕಣಕ ಬಿಗಿದುಬಿಡುತ್ತದೆ.

ನೀಲಿ ಬೆಳಕು ಕೊಡುವ ಯಂತ್ರಕ್ಕೂ ಒಂದು ಇತಿಹಾಸವಿದೆ. 1970ರ ದಶಕದಲ್ಲಿ ಮೊದಲು ಬಳಸಿದ್ದು ಅತಿನೇರಳೆ ಕಿರಣ. ಅದು ಆಳಕ್ಕೆ ಇಳಿಯುತ್ತಿರಲಿಲ್ಲ, ಕಣ್ಣಿಗೂ ಕೇಡು. ಆಮೇಲೆ ಹ್ಯಾಲೋಜನ್ ದೀಪ ಬಂತು. ಬಿಸಿಯಾಗುತ್ತಿತ್ತು, ಫ್ಯಾನ್ ಗೊರಗೊರ ಎನ್ನುತ್ತಿತ್ತು, ಕರೆಂಟ್ ಹೋದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತಲ್ಲ, ಅವರ ಕೆಲಸದ ಫಲ ಪುಟ್ಟ ಬ್ಯಾಟರಿ ಟಾರ್ಚಾಗಿ ಈಗ ತಾಲ್ಲೂಕು ಊರಿನ ದಂತವೈದ್ಯರ ಕೈಯಲ್ಲೂ ಇದೆ. ಅದನ್ನು ಹಚ್ಚುವಾಗ ಕಿತ್ತಳೆ ಬಣ್ಣದ ಗಾಜು ಅಡ್ಡ ಹಿಡಿಯುತ್ತೇವೆ. ನೀವು ಆ ಬೆಳಕನ್ನು ನೇರ ನೋಡಬೇಡಿ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. ಬಿಸ್-ಜಿಎಂಎ ತಾನಾಗಿ ಹರಿಯದಷ್ಟು ಮಂದ. ಅದನ್ನು ತೆಳ್ಳಗೆ ಮಾಡಲು ಟೆಗ್‌ಡಿಎಂಎ ಎಂಬ ಇನ್ನೊಂದು ರಾಳ ಬೆರೆಸುತ್ತಾರೆ. ತೆಳು ಹೆಚ್ಚಿದಷ್ಟೂ ಕುಗ್ಗುವುದೂ ಹೆಚ್ಚು. ಸಿರಿಂಜಿನೊಳಗೇ ಗಟ್ಟಿಯಾಗದಿರಲು ಒಂದು ತಡೆ ಔಷಧಿ, ಹಲ್ಲಿನ ಛಾಯೆಗೆ ಕಬ್ಬಿಣದ ಆಕ್ಸೈಡುಗಳು, ಮಬ್ಬು ಬಿಳುಪಿಗೆ ಟೈಟಾನಿಯಂ ಆಕ್ಸೈಡ್. ಇಷ್ಟೇ.

ವಸ್ತು ಎಷ್ಟೇ ಒಳ್ಳೆಯದಿರಲಿ, ಅದು ಹಲ್ಲಿಗೆ ಹತ್ತಬೇಕಲ್ಲ. ಅದರ ಉಪಾಯವನ್ನು 1955ರಲ್ಲಿ ಕೊಟ್ಟವರು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿನಲ್ಲಿದ್ದ ಮೈಕೆಲ್ ಬುವೊನೊಕೋರೆ. ಲೋಹಕ್ಕೆ ಬಣ್ಣ ಹಚ್ಚುವ ಮೊದಲು ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಾಕಿ ಮೈ ಹದಮಾಡುವುದನ್ನು ಅವರು ಗಮನಿಸಿದ್ದರು. ಅದೇ ಆಮ್ಲವನ್ನು ಹಲ್ಲಿನ ಎನಾಮಲ್‌ಗೆ 30 ಸೆಕೆಂಡು ಹಚ್ಚಿ ತೊಳೆದು ನೋಡಿದರು. ಎನಾಮಲ್ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮ ಗುಳಿಗಳೆದ್ದು, ರಾಳ ಅವುಗಳೊಳಕ್ಕೆ ಬೇರು ಬಿಟ್ಟಿತು. ನಾವು ಇಂದು ಹಚ್ಚುವ ನೀಲಿ ಬಣ್ಣದ ಜೆಲ್ಲಿಯಲ್ಲಿ ಇರುವುದೂ ಅದೇ ಆಮ್ಲ, ಸುಮಾರು 37 ಪಾಲಿನದು. ಒಳಗಿನ ಡೆಂಟಿನ್ ಹಸಿಯಾಗಿರುವುದರಿಂದ ಅಲ್ಲಿ ಕೆಲಸ ಇನ್ನೂ ಸೂಕ್ಷ್ಮ. ರಾಳ ಡೆಂಟಿನ್ ನಾರುಗಳೊಳಗೆ ಇಳಿದು ಎರಡೂ ಬೆರೆತ ಹೊಸ ಪದರವೊಂದು ಉಂಟಾಗುತ್ತದೆ ಎಂಬುದನ್ನು ಜಪಾನಿನ ನಾಕಾಬಯಾಶಿ 1982ರಲ್ಲಿ ತೋರಿಸಿದರು.

ಇಷ್ಟು ಹೇಳಿದ ಮೇಲೆ ರಾಮಾಪುರದ ಕಡೆಯಿಂದ ಬಂದ ಒಬ್ಬ ಹಿರಿಯ ತಾಯಿಯ ಮಾತು ಹೇಳಬೇಕು. ಕುರ್ಚಿಯಲ್ಲಿ ಕೂತವರೇ ದವಡೆ ಹಿಡಿದುಕೊಂಡು ಹೇಳಿದರು.

"ಡಾಕ್ಟ್ರವ್ವ, ಜಾತ್ರೆ ಮುಂದೆ ಸಿಮೆಂಟ್ ಹಾಕುಸ್ಕಂಡಿದ್ದೆ ಕನವ್ವ. ಜಾತ್ರೆ ಮುಗಿಯಗಂಟ ಇಲ್ಲ, ಎಲಡಿಕೆ ಜಗೀವಾಗ ಕಿತ್ಕಂಡು ಕೈಗೇ ಬಂದ್ಬುಡ್ತು. ಇನ್ನು ಸಿಮೆಂಟೂ ಬ್ಯಾಡ ಏನೂ ಬ್ಯಾಡ, ಕಿತ್ತಾಕ್ಬುಡಿ."

"ಕೀಳೋದು ಕಡೇಗಿರ್ಲಿ ಅವ್ವ. ಹಾಕೋವಾಗ ಬಾಯೊಳಗೆ ಹತ್ತಿ ಇಟ್ಟಿದ್ರಾ? ನೀಲಿ ದೀಪ ಹಿಡಿದ್ರಾ?"

"ದೀಪ ಹಿಡುದ್ರು ಕನವ್ವ. ಎಂಜ್ಲು ತುಂಬ್ಕತಿತ್ತು, ನುಂಗ್ಕತಾ ನುಂಗ್ಕತಾ ಕೂತಿದ್ದೆ."

ಉತ್ತರ ಅಲ್ಲೇ ಇತ್ತು. ಆಮ್ಲ ಹಚ್ಚಿ ತೊಳೆದು ಒಣಗಿಸಿದ ಎನಾಮಲ್ ಮೇಲೆ ಒಂದೇ ಒಂದು ಸಲ ಎಂಜಲು ಹರಿದರೂ ಸಾಕು, ಆ ಸೂಕ್ಷ್ಮ ಗುಳಿಗಳು ಎಂಜಲಿನ ಪ್ರೋಟೀನಿನಿಂದ ಮುಚ್ಚಿಹೋಗುತ್ತವೆ. ರಾಳಕ್ಕೆ ಬೇರು ಬಿಡಲು ಜಾಗವೇ ಇರುವುದಿಲ್ಲ. ಮತ್ತೆ ತೊಳೆದು ಮೊದಲಿನಿಂದ ಶುರುಮಾಡಬೇಕು. ಹೊರಗೆ ಕಾದಿರುವವರ ಸಾಲು ಉದ್ದವಿದ್ದಾಗ ಹಾಗೆ ಮತ್ತೆ ಶುರುಮಾಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಆ ತಾಯಿಗೆ ನಾನು ಹಲ್ಲಿನ ಸುತ್ತ ರಬ್ಬರಿನ ತೆಳು ಹಾಳೆ ಕಟ್ಟಿ, ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವಂತೆ ಮಾಡಿ, ಹುಳುಕನ್ನು ಕೆರೆದು, ಮತ್ತೆ ತುಂಬಿದೆ. ಒಂದೇ ಸಲ ಸುರಿಯಲಿಲ್ಲ. ಇದು ಕೇಳುಗರು ಗಮನಿಸಬೇಕಾದ ಸಂಗತಿ. ಎಷ್ಟೇ ಕಲ್ಲು ತುಂಬಿದ್ದರೂ ಕಾಂಪೊಸಿಟ್ ಗಟ್ಟಿಯಾಗುವಾಗ ನೂರಕ್ಕೆ 2ರಿಂದ 3 ಪಾಲು ಕುಗ್ಗುತ್ತದೆ. ಇಡೀ ಗುಳಿಗೆ ಒಟ್ಟಿಗೆ ಹಾಕಿದರೆ ಆ ಕುಗ್ಗುವಿಕೆ ಎಲ್ಲ ಗೋಡೆಗಳನ್ನೂ ಒಟ್ಟಿಗೆ ಎಳೆಯುತ್ತದೆ. ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳುತ್ತದೆ. ತಣ್ಣೀರು ಕುಡಿದರೆ ಜುಂ ಎನ್ನುವುದು, ಕಚ್ಚಿದರೆ ನೋಯುವುದು, ಅಂಚಿನಲ್ಲಿ ಕಪ್ಪು ಗೆರೆ ಬರುವುದು, ಇವುಗಳ ಹಿಂದೆ ಹಲವು ಸಲ ಈ ಬಿಟ್ಟುಕೊಂಡ ಸಂದು ಇರುತ್ತದೆ. ಬೆಳಕು ಕೂಡ ಆಳಕ್ಕೆ ಇಳಿಯುವುದಿಲ್ಲ. ಸಾಧಾರಣ ಕಾಂಪೊಸಿಟ್ಟನ್ನು 2 ಮಿಲಿಮೀಟರ್ ದಪ್ಪದ ಪದರಗಳಾಗಿಯೇ ಹಾಕಿ, ಪ್ರತಿ ಪದರಕ್ಕೂ ಬೆಳಕು ಕೊಡಬೇಕು. 4 ಮಿಲಿಮೀಟರ್ ಒಟ್ಟಿಗೆ ಹಾಕಬಹುದಾದ ಹೊಸ ಬಗೆಗಳೂ ಬಂದಿವೆ. ಯಾವುದೇ ಆಗಲಿ, ಮೇಲ್ಮೈ ಗಟ್ಟಿಯಾಗಿ ತಳ ಮೆತ್ತಗೆ ಉಳಿದ ಕೆಲಸ ಹೊರನೋಟಕ್ಕೆ ಗೊತ್ತಾಗುವುದಿಲ್ಲ. ಒಂದು ವರ್ಷದ ಮೇಲೆ ಗೊತ್ತಾಗುತ್ತದೆ.

ಇನ್ನೊಂದು ಚಿಕ್ಕ ವಿವರ. ಹಲ್ಲಿನ ಬಣ್ಣವನ್ನು ಕೆಲಸ ಶುರುಮಾಡುವ ಮೊದಲೇ ಹೊಂದಿಸಿ ನೋಡಬೇಕು. ಬಾಯಿ ತೆರೆದಿಟ್ಟು ಹಲ್ಲು ಒಣಗಿದರೆ ಅದು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಒಣಗಿದ ಮೇಲೆ ಬಣ್ಣ ಆರಿಸಿದರೆ ಮರುದಿನ ಹಲ್ಲು ತನ್ನ ಬಣ್ಣಕ್ಕೆ ಮರಳುತ್ತದೆ, ತುಂಬಿದ್ದು ಮಾತ್ರ ಸುಣ್ಣದ ಚುಕ್ಕೆಯಾಗಿ ಉಳಿಯುತ್ತದೆ. ಮದುವೆಗೆ ಮುಂಚೆ ಮುಂದಿನ ಹಲ್ಲು ಸರಿಮಾಡಿಸಲು ಬರುವ ಹುಡುಗ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ.

ಬೆಳ್ಳಿ ತುಂಬುವುದು ಒಳ್ಳೆಯದೋ ಬಿಳಿಯದೋ ಎಂದು ಕೇಳುವವರಿದ್ದಾರೆ. ಬೆಳ್ಳಿ ಎಂದು ಕರೆಯುವುದರಲ್ಲಿ ಸುಮಾರು ಅರ್ಧ ಪಾದರಸ, ಉಳಿದದ್ದು ಬೆಳ್ಳಿ, ತವರ, ತಾಮ್ರ. ಅದಕ್ಕೆ ಒಂದು ದೊಡ್ಡ ಗುಣವಿತ್ತು. ಸ್ವಲ್ಪ ಎಂಜಲು ತಗುಲಿದರೂ ಅದು ಸಹಿಸಿಕೊಳ್ಳುತ್ತಿತ್ತು, ದವಡೆಯಲ್ಲಿ ವರ್ಷಗಟ್ಟಲೆ ನಿಲ್ಲುತ್ತಿತ್ತು. ಈಗಾಗಲೇ ಬಾಯಲ್ಲಿ ಗಟ್ಟಿಯಾಗಿ ಕೂತಿರುವ ಬೆಳ್ಳಿಯನ್ನು ಹೆದರಿ ತೆಗೆಸಿಹಾಕಬೇಕಾಗಿಲ್ಲ. ಆದರೆ ಪಾದರಸ ಮಣ್ಣಿಗೆ, ನೀರಿಗೆ ಸೇರಿದರೆ ಮೀನಿನ ಮೂಲಕ ಮನುಷ್ಯರಿಗೆ ಮರಳುತ್ತದೆ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯೊಂದರ ಪಾದರಸದಿಂದ ಆದ ಅನಾಹುತದ ನೆನಪಿಗೆ ಆ ಊರಿನ ಹೆಸರಲ್ಲೇ 2013ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಹಲ್ಲಿನ ಬೆಳ್ಳಿಯನ್ನು ಕ್ರಮೇಣ ಕಡಿಮೆ ಮಾಡಬೇಕೆಂಬುದೂ ಅದರಲ್ಲಿದೆ. ಯುರೋಪ್ ಒಕ್ಕೂಟ 2025ರ ಜನವರಿಯಿಂದ, ವೈದ್ಯಕೀಯವಾಗಿ ಅನಿವಾರ್ಯವಾದ ಸಂದರ್ಭ ಬಿಟ್ಟು, ಅದರ ಬಳಕೆಯನ್ನೇ ನಿಲ್ಲಿಸಿತು. ಮುಂದಿನ ದಾರಿ ಬಿಳಿಯದರದ್ದೇ ಎಂಬುದು ಖಚಿತ. ಅದಕ್ಕೇ ಅದನ್ನು ಸರಿಯಾಗಿ ಹಾಕುವುದೂ, ಹಾಕಿಸಿಕೊಳ್ಳುವುದೂ ನಾವೆಲ್ಲ ಕಲಿಯಬೇಕಾದ ವಿದ್ಯೆ.

ಹಾಗೆಂದು ಎಲ್ಲ ಕಡೆಯೂ ಕಾಂಪೊಸಿಟ್ಟೇ ಬೇಕೆಂದು ನಾನು ಹೇಳುವುದಿಲ್ಲ. ಕಾಡಿನಂಚಿನ ಹಳ್ಳಿಗಳಲ್ಲಿ, ಬೆಟ್ಟದ ಪೋಡುಗಳಲ್ಲಿ, ಶಾಲೆಯ ಜಗಲಿಯ ಮೇಲೆ ನಡೆಯುವ ಶಿಬಿರದಲ್ಲಿ ಹಲ್ಲನ್ನು ಒಣದಾಗಿಡುವ ಸೌಕರ್ಯ ಇರುವುದಿಲ್ಲ. ಅಲ್ಲಿಗೆ ಗ್ಲಾಸ್ ಅಯನೋಮರ್ ಎಂಬ ಇನ್ನೊಂದು ಬಿಳಿ ವಸ್ತು ಇದೆ. ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬಿಬ್ಬರು ರೂಪಿಸಿ 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ್ದು. ಫ್ಲೋರೈಡ್ ಇರುವ ಗಾಜಿನ ಪುಡಿಯನ್ನು ಪಾಲಿಅಕ್ರಿಲಿಕ್ ಆಮ್ಲದಲ್ಲಿ ಕಲಸಿದರೆ ಆಯಿತು. ನೀಲಿ ದೀಪ ಬೇಡ, ಹಲ್ಲಿನ ಸುಣ್ಣದಂಶಕ್ಕೆ ತಾನೇ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ, ಫ್ಲೋರೈಡನ್ನು ಮೆಲ್ಲಗೆ ಬಿಡುತ್ತಿರುತ್ತದೆ. ಬಲದಲ್ಲಿ ಕಾಂಪೊಸಿಟ್‌ಗೆ ಸರಿಸಮ ಅಲ್ಲ. ಆದರೆ ಟಾಂಜಾನಿಯಾದಲ್ಲಿ 1980ರ ದಶಕದಲ್ಲಿ ಕರೆಂಟೂ ಡ್ರಿಲ್ಲೂ ಇಲ್ಲದೆ, ಬರೀ ಕೈ ಉಪಕರಣದಿಂದ ಹುಳುಕು ಕೆರೆದು ಇದನ್ನು ತುಂಬುವ ಪದ್ಧತಿ ಬೆಳೆದು ಲೋಕಕ್ಕೆಲ್ಲ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ 2021ರಲ್ಲಿ ಗ್ಲಾಸ್ ಅಯನೋಮರನ್ನೂ 2023ರಲ್ಲಿ ಕಾಂಪೊಸಿಟ್ಟನ್ನೂ ಸೇರಿಸಿದೆ. ಹುಳುಕು ಹಲ್ಲು ತುಂಬುವುದು ಶೋಕಿಯಲ್ಲ, ಜ್ವರದ ಮಾತ್ರೆಯಷ್ಟೇ ಅಗತ್ಯದ್ದು ಎಂದು ಅದು ಒಪ್ಪಿಕೊಂಡ ಹಾಗೆ. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಎರಡೂ ವಸ್ತುಗಳು ಸದಾ ಇರಬೇಕು, ಕೀಳುವ ಇಕ್ಕಳದಷ್ಟೇ ಸುಲಭವಾಗಿ ವೈದ್ಯರ ಕೈಗೆ ಸಿಗಬೇಕು ಎಂಬುದು ನನ್ನ ಬಹಳ ದಿನದ ಒತ್ತಾಯ. ಹಲ್ಲು ಕಳೆದುಕೊಂಡ ಬಡ ಹಿರಿಯರಿಗೆ ದಂತಪಂಕ್ತಿ ಕೊಡುವ ದಂತ ಭಾಗ್ಯ ಯೋಜನೆ ನಮ್ಮ ರಾಜ್ಯದಲ್ಲಿದೆ, ಅದು ಒಳ್ಳೆಯ ಕೆಲಸ. ಮೂವತ್ತನೆಯ ವಯಸ್ಸಿನಲ್ಲಿ ಸಣ್ಣ ಗುಳಿ ತುಂಬಿದ್ದರೆ ಅವರಲ್ಲಿ ಎಷ್ಟೋ ಜನಕ್ಕೆ ಆ ಪಂಕ್ತಿ ಬೇಕಾಗುತ್ತಿರಲಿಲ್ಲ.

ಈ ವಸ್ತುವಿನಿಂದ ದೇಹಕ್ಕೆ ಅಪಾಯ ಇದೆಯೇ ಎಂಬ ಪ್ರಶ್ನೆಯನ್ನು ತೇಲಿಸಿಬಿಡುವುದು ಸರಿಯಲ್ಲ. ಬೆಳಕು ಕೊಟ್ಟಾಗ ರಾಳದ ಕೊಂಡಿಗಳೆಲ್ಲ ಕೂಡಿಕೊಳ್ಳುವುದಿಲ್ಲ, ಸಾಮಾನ್ಯವಾಗಿ ನೂರಕ್ಕೆ 55ರಿಂದ 75ರಷ್ಟು ಮಾತ್ರ. ಕೂಡದೆ ಉಳಿದದ್ದರಲ್ಲಿ ಸ್ವಲ್ಪ ಮೊದಲ ದಿನಗಳಲ್ಲಿ ಎಂಜಲಿಗೆ ಬಿಡುತ್ತದೆ. ಬಿಸ್-ಜಿಎಂಎ ತಯಾರಿಸುವಾಗ ಬಿಸ್ಫೆನಾಲ್-ಎ ಎಂಬ ರಾಸಾಯನಿಕ ಬಳಸುವುದರಿಂದ ಅದರ ಸೂಕ್ಷ್ಮ ಅಂಶವೂ ತುಂಬಿದ ಹೊತ್ತಿನಲ್ಲಿ ಎಂಜಲಿನಲ್ಲಿ ಕಂಡಿದ್ದು, ಬೇಗ ಇಳಿದುಹೋಗುತ್ತದೆ. ಗಾಳಿಯ ಆಮ್ಲಜನಕ ತಾಗುವ ಮೇಲಿನ ಪದರವಂತೂ ಬೆಳಕು ಕೊಟ್ಟ ಮೇಲೂ ಅಂಟಂಟಾಗಿಯೇ ಉಳಿಯುತ್ತದೆ. ಆ ಅಂಟನ್ನು ಒರೆಸಿ, ಪಾಲಿಷ್ ಮಾಡಿ, ಬಾಯಿ ಚೆನ್ನಾಗಿ ಮುಕ್ಕಳಿಸಿ ಉಗುಳಿಸಿದರೆ ಒಳಹೋಗುವುದು ಬಹಳಷ್ಟು ತಗ್ಗುತ್ತದೆ. ಬಸುರಿ ಹೆಂಗಸರಲ್ಲಿ ನೋವಿಲ್ಲದ, ಅವಸರವಿಲ್ಲದ ಕೆಲಸವನ್ನು ನಾನು ಹೆರಿಗೆಯ ನಂತರಕ್ಕೆ ಇಡುತ್ತೇನೆ. ನೋವಿದ್ದರೆ ಕಾಯಿಸುವುದಿಲ್ಲ, ಸೋಂಕಿನ ಹಲ್ಲು ಬಾಯಲ್ಲಿರುವುದು ಅದಕ್ಕಿಂತ ಕೆಡುಕು.

ಹಲ್ಲು ತುಂಬಿಸಲು ಹೋದಾಗ ಯಾವ ವಸ್ತು ಹಾಕುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಅದರ ಹೆಸರನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಹತ್ತಿ ಇಡುವಾಗ, ರಬ್ಬರಿನ ಹಾಳೆ ಕಟ್ಟುವಾಗ ಮುಜುಗರವಾದರೂ ತಡೆದುಕೊಳ್ಳಿ, ನಡುವೆ ಬಾಯಿ ಮುಚ್ಚಬೇಡಿ. ಬಸ್ಸಿಗೆ ಹೊತ್ತಾಯಿತು, ಬೇಗ ಮುಗಿಸಿ ಎಂದು ವೈದ್ಯರನ್ನು ಅವಸರಪಡಿಸಬೇಡಿ. ಒಂದು ಹಲ್ಲಿಗೆ ಅರ್ಧ ಗಂಟೆಯಾದರೆ ಅದು ನಿಧಾನವಲ್ಲ, ಅದೇ ಅದಕ್ಕೆ ಬೇಕಾದ ಹೊತ್ತು.

ಮನೆಯಲ್ಲಿ ಆರೇಳು ವರ್ಷದ ಮಕ್ಕಳಿದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಬಾಯಿ ತೆರೆಸಿ ಟಾರ್ಚು ಹಿಡಿದು ನೋಡಿ. ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸದಾಗಿ ಒಂದು ದೊಡ್ಡ ದವಡೆ ಹಲ್ಲು ಎದ್ದಿರುತ್ತದೆ. ಯಾವುದೂ ಬಿದ್ದಿಲ್ಲವಾದ್ದರಿಂದ ಇದನ್ನೂ ಹಾಲುಹಲ್ಲೆಂದೇ ತಂದೆತಾಯಿ ತಿಳಿಯುತ್ತಾರೆ. ಅದು ಬಿದ್ದು ಮತ್ತೆ ಬರುವ ಹಲ್ಲಲ್ಲ, ಜೀವನಪೂರ್ತಿ ಇರಬೇಕಾದದ್ದು. ಅದರ ಮೇಲಿನ ಆಳವಾದ ಗೆರೆಗಳಲ್ಲಿ ಹುಳುಕು ಬೇಗ ಹಿಡಿಯುತ್ತದೆ. ಹುಳುಕು ಹಿಡಿಯುವ ಮೊದಲೇ ಆ ಗೆರೆಗಳನ್ನು ಇದೇ ಕಾಂಪೊಸಿಟ್‌ನ ತೆಳು ರೂಪದಿಂದ, ಡ್ರಿಲ್ ಇಲ್ಲದೆ, ಸೂಜಿ ಇಲ್ಲದೆ ಮುಚ್ಚಿಬಿಡಬಹುದು. ಗೆರೆಯಲ್ಲಿ ಕಪ್ಪು ಕಂಡರೂ ಕಾಣದಿದ್ದರೂ ಆ ಮಗುವನ್ನು ಈ ತಿಂಗಳಲ್ಲೇ ಹತ್ತಿರದ ದಂತವೈದ್ಯರ ಬಳಿಗೆ ಕರೆದುಕೊಂಡು ಹೋಗಿ.